ಚಿತ್ರ ಬಿಡಿ, ತುದಿ ಹಿಡಿಯಿರಿ



ಈ ಸಂಚಿಕೆಯಲ್ಲಿ ಹಬ್ಬದ ನೆನಪು, ಊರಿನ ಪ್ರವಾಸ, ಪುಟಾಣಿಗಳ ಕವನ ಎಲ್ಲಾ ಇರುತ್ತೆ. ನಾನು ಎತ್ತಿಕೊಂಡಿರೋದು ಸ್ವಲ್ಪ ಬೇರೆ ಥರದ ವಿಷಯ: ಕೆಪಾಸಿಟರ್. ಕನ್ನಡದ ಪಠ್ಯಪುಸ್ತಕದಲ್ಲಿ ಇದಕ್ಕೆ ಧಾರಕ ಅಂತಾರೆ. ಊರಿನ ಎಲೆಕ್ಟ್ರಿಷಿಯನ್ ಬಾಯಲ್ಲಿ ಅದು ಕಂಡೆನ್ಸರ್. "ಫ್ಯಾನ್ ತಿರುಗ್ತಿಲ್ಲ ಸಾರ್, ಕಂಡೆನ್ಸರ್ ಹೋಗಿದೆ" ಅನ್ನೋ ಮಾತನ್ನು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋದ ಮಕ್ಕಳು ಕೇಳಿಯೇ ಇರುತ್ತೀರಿ.

ಇಲ್ಲಿ ಹೈಸ್ಕೂಲಿನ ಎ.ಪಿ. ಫಿಸಿಕ್ಸ್ ತಗೊಂಡ ಮಕ್ಕಳಿಗೂ, ಕರ್ನಾಟಕದಲ್ಲಿ ಎರಡನೇ ಪಿಯುಸಿ ಓದುವ ಅವರ ಕಸಿನ್‌ಗಳಿಗೂ ಒಂದೇ ಜಾಗದಲ್ಲಿ ಕಾಲು ಜಾರುತ್ತೆ. ಒಂದು ಸರ್ಕಿಟ್ ಚಿತ್ರ ಕೊಟ್ಟು, ಇದರಲ್ಲಿ ಯಾವ ಕೆಪಾಸಿಟರ್‌ಗಳು ಸರಣಿಯಲ್ಲಿವೆ, ಯಾವುವು ಸಮಾಂತರವಾಗಿವೆ ಅಂತ ಕೇಳುತ್ತಾರೆ. ಸೂತ್ರ ಬಾಯಿಪಾಠ ಇರುತ್ತೆ, ಲೆಕ್ಕವೂ ಬರುತ್ತೆ. ಆದರೆ ಯಾವುದಕ್ಕೆ ಯಾವ ಸೂತ್ರ ಅನ್ನೋದು ತಪ್ಪುತ್ತೆ. ಎರಡು ಸಲ ತಪ್ಪಿದರೆ "ನನಗೆ ಫಿಸಿಕ್ಸ್ ಬರಲ್ಲ" ಅಂತ ಮಗು ತನಗೆ ತಾನೇ ಹೇಳಿಕೊಂಡುಬಿಡುತ್ತೆ. ನಮ್ಮ ಮಕ್ಕಳು ಹಾಗೆ ಹೇಳಿಕೊಳ್ಳಬೇಕಾಗಿಲ್ಲ ಅನ್ನೋದಕ್ಕೇ ಈ ಬರಹ.

ನನ್ನ ಅಭಿಪ್ರಾಯ ಎರಡು. ಒಂದು, ಮಕ್ಕಳಿಗೆ ನಾವು ಚಿತ್ರದ ಆಕಾರ ನೋಡೋದನ್ನು ಕಲಿಸುತ್ತಿದ್ದೇವೆ. ಕಲಿಸಬೇಕಾದದ್ದು ತುದಿಗಳನ್ನು ನೋಡೋದನ್ನು. ಎರಡು, ಈ ಪಾಠವನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿಕೊಡಬಹುದು, ಹೇಳಿಕೊಡಬೇಕು.

ಆಕಾರ ಹೇಗೆ ಮೋಸ ಮಾಡುತ್ತೆ

ಸಾಮಾನ್ಯವಾಗಿ ಪಾಠ ಶುರುವಾಗೋದು ಹೀಗೆ: "ಒಂದರ ಹಿಂದೆ ಒಂದು ಸಾಲಾಗಿ ಇದ್ದರೆ ಸರಣಿ. ಅಕ್ಕಪಕ್ಕ ಇದ್ದರೆ ಸಮಾಂತರ." ಮೊದಲ ದಿನಕ್ಕೆ ಇದು ಸಾಕು. ಎರಡನೇ ದಿನ ಇದೇ ಮಾತು ಮಕ್ಕಳನ್ನು ಹಳ್ಳಕ್ಕೆ ಬೀಳಿಸುತ್ತೆ.

ಒಂದು ಕಾಗದ ತಗೊಳ್ಳಿ. ಎಡಗಡೆ ಅ, ಬಲಗಡೆ ಬ ಅಂತ ಎರಡು ಬಿಂದು ಇಡಿ. ನಡುವೆ ಒಂದೇ ಗೆರೆಯ ಮೇಲೆ ಮೂರು ಕೆಪಾಸಿಟರ್ ಬರೆಯಿರಿ: 2, 3 ಮತ್ತು 6 ಮೈಕ್ರೋಫ್ಯಾರಡ್. ಈಗ ಇನ್ನೆರಡು ತಂತಿ ಎಳೆಯಿರಿ. ಒಂದು ತಂತಿ ಅ ಬಿಂದುವಿನಿಂದ ಹೊರಟು, ಮೇಲಿನಿಂದ ಹಾರಿ, ಎರಡನೇ ಮತ್ತು ಮೂರನೇ ಕೆಪಾಸಿಟರ್ ನಡುವೆ ಇಳಿಯಲಿ. ಇನ್ನೊಂದು ತಂತಿ ಬ ಬಿಂದುವಿನಿಂದ ಹೊರಟು, ಕೆಳಗಿನಿಂದ ಬಂದು, ಮೊದಲನೇ ಮತ್ತು ಎರಡನೇ ಕೆಪಾಸಿಟರ್ ನಡುವೆ ಸೇರಲಿ.

ನೋಡೋಕೆ ಮೂರೂ ರೈಲು ಬೋಗಿಗಳ ಹಾಗೆ ಸಾಲಾಗಿವೆ. ಸರಣಿ ಅಂದುಕೊಂಡು ಲೆಕ್ಕ ಹಾಕಿದರೆ ಅರ್ಧ, ಮೂರನೇ ಒಂದು, ಆರನೇ ಒಂದು ಕೂಡಿದರೆ 1. ಅಂದರೆ ಒಟ್ಟು 1 ಮೈಕ್ರೋಫ್ಯಾರಡ್. ಲೆಕ್ಕ ಎಷ್ಟು ಚೆನ್ನಾಗಿ ಬಂತು ಅಂತ ಖುಷಿಯೂ ಆಗುತ್ತೆ. ಆದರೆ ಸರಿಯಾದ ಉತ್ತರ 11.

ಯಾಕೆ ಅಂದರೆ, ತಂತಿ ಎಷ್ಟೇ ಉದ್ದ ಇರಲಿ, ಎಷ್ಟೇ ಸುತ್ತಿಕೊಂಡು ಬರಲಿ, ಅದರ ಮೇಲಿನ ಎಲ್ಲಾ ಜಾಗವೂ ಒಂದೇ ಜಾಗ. ಮೊದಲ ತಂತಿಯಿಂದಾಗಿ ಎರಡನೇ-ಮೂರನೇ ಕೆಪಾಸಿಟರ್‌ಗಳ ನಡುವಿನ ಜಾಗವೂ ಅ ಆಯಿತು. ಎರಡನೇ ತಂತಿಯಿಂದಾಗಿ ಒಂದನೇ-ಎರಡನೇ ಕೆಪಾಸಿಟರ್‌ಗಳ ನಡುವಿನ ಜಾಗ ಬ ಆಯಿತು. ಈಗ ಒಂದೊಂದನ್ನೂ ಕೇಳಿ ನೋಡಿ. ಮೊದಲನೆಯದು ಅ ಇಂದ ಬ ಗೆ. ಎರಡನೆಯದು ಬ ಇಂದ ಅ ಗೆ. ಮೂರನೆಯದು ಅ ಇಂದ ಬ ಗೆ. ಮೂರಕ್ಕೂ ಅವೇ ಎರಡು ತುದಿ. ಹಾಗಾಗಿ ಮೂರೂ ಸಮಾಂತರ. 2, 3, 6 ಕೂಡಿದರೆ 11.

ಉಲ್ಟಾ ಮೋಸವೂ ಉಂಟು. ಎರಡು ಕೆಪಾಸಿಟರ್‌ಗಳನ್ನು ಎರಡು ಕಂಬದ ಹಾಗೆ ಅಕ್ಕಪಕ್ಕ ನಿಲ್ಲಿಸಿ. ಮೇಲಿನ ತುದಿಗಳನ್ನು ಒಂದು ತಂತಿಯಿಂದ ಸೇರಿಸಿ. ಕೆಳಗಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಮೈನಸ್‌ಗೆ. ಜ್ಯಾಮಿತಿ ಪುಸ್ತಕದ ಪ್ರಕಾರ ಇವು ಅಚ್ಚುಕಟ್ಟಾದ ಸಮಾಂತರ ರೇಖೆಗಳು! ಆದರೆ ಸರ್ಕಿಟ್‌ನಲ್ಲಿ ಸರಣಿ. ಒಂದು 6, ಇನ್ನೊಂದು 3 ಆಗಿದ್ದರೆ ಒಟ್ಟು 9 ಅಲ್ಲ, 2.

ಸಮಾಂತರ ಅನ್ನೋ ಪದದಲ್ಲಿ ಸಮ ಇದೆ, ಅಂತರ ಇದೆ. ಸಮನಾದ ಅಂತರದಲ್ಲಿರುವ ಗೆರೆಗಳು ಅಂತ ಗಣಿತದಲ್ಲಿ ಕಲಿತಿರುತ್ತೇವೆ. ಸರ್ಕಿಟ್‌ಗೆ ಬಂದಾಗ ಆ ಅರ್ಥವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು. ಬೆಂಗಳೂರಿಂದ ಮೈಸೂರಿಗೆ ರಾಮನಗರ, ಮಂಡ್ಯದ ಮೇಲೂ ಹೋಗಬಹುದು. ಕನಕಪುರ, ಮಳವಳ್ಳಿ, ಬನ್ನೂರಿನ ಮೇಲೂ ಹೋಗಬಹುದು. ಆನ್ ಆರ್ಬರ್‌ನಿಂದ ಡೆಟ್ರಾಯಿಟ್‌ಗೆ ಐ-94 ಹಿಡಿಯಬಹುದು, ಇಲ್ಲವೇ ಎಂ-14 ಹಿಡಿದು ಐ-96 ಸೇರಬಹುದು. ಮ್ಯಾಪಿನಲ್ಲಿ ಈ ರಸ್ತೆಗಳು ಬಾಗುತ್ತವೆ, ಹತ್ತಿರ ಬರುತ್ತವೆ, ದೂರ ಹೋಗುತ್ತವೆ. ಆದರೂ ಸರ್ಕಿಟ್ ಭಾಷೆಯಲ್ಲಿ ಸಮಾಂತರ. ಯಾಕಂದರೆ ಹೊರಡೋ ಊರು ಒಂದೇ, ತಲುಪೋ ಊರು ಒಂದೇ.

ಮೂರು ಪ್ರಶ್ನೆ, ಒಂದು ಬಣ್ಣದ ಡಬ್ಬಿ

ಮಕ್ಕಳೇ, ನಿಮ್ಮ ಕ್ರೆಯಾನ್ ಡಬ್ಬಿ ತನ್ನಿ. ಬ್ಯಾಟರಿಯ ಒಂದು ತುದಿಯಿಂದ ಶುರುಮಾಡಿ, ತಂತಿಗೆ ಕೆಂಪು ಬಳಿಯುತ್ತಾ ಹೋಗಿ. ಕವಲು ಬಂದರೆ ಎಲ್ಲಾ ಕವಲಿಗೂ ಕೆಂಪೇ. ಕೆಪಾಸಿಟರ್‌ನ ತಗಡು ಬಂದ ಕೂಡಲೇ ನಿಲ್ಲಿಸಿ. ಇನ್ನೊಂದು ತುದಿಯಿಂದ ನೀಲಿ. ಉಳಿದ ತುಂಡುಗಳಿಗೆ ಹಸಿರು, ಹಳದಿ, ಒಂದೊಂದಕ್ಕೆ ಒಂದೊಂದು ಬಣ್ಣ. ಒಂದೇ ಬಣ್ಣದ ಇಡೀ ತಂತಿಯನ್ನು ನಾನು ಒಂದು ಗಂಟು ಅಂತ ಕರೀತೀನಿ. ಆಮೇಲೆ ಮೂರು ಪ್ರಶ್ನೆ.

1. ಈ ಎರಡು ಕೆಪಾಸಿಟರ್‌ಗಳಿಗೆ ಎರಡೂ ತುದಿಯ ಬಣ್ಣ ಒಂದೇನಾ? ಹೌದಾದರೆ ಸಮಾಂತರ.

2. ಒಂದೇ ಒಂದು ಬಣ್ಣ ಇಬ್ಬರಿಗೂ ಸೇರಿದೆಯಾ, ಮತ್ತು ಆ ಬಣ್ಣಕ್ಕೆ ಮೂರನೆಯವರು ಯಾರೂ ಅಂಟಿಕೊಂಡಿಲ್ಲವಾ? ಹೌದಾದರೆ ಸರಣಿ. ಬ್ಯಾಟರಿ ಅಂಟಿಕೊಂಡಿದ್ದರೆ ಅದೂ ಮೂರನೆಯವರೇ.

3. ಎರಡಕ್ಕೂ ಇಲ್ಲ ಅಂತ ಉತ್ತರ ಬಂತಾ? ಹಾಗಾದರೆ ಅವೆರಡೂ ಸರಣಿಯೂ ಅಲ್ಲ, ಸಮಾಂತರವೂ ಅಲ್ಲ. ಬಲವಂತ ಮಾಡಬೇಡಿ.

ಮೂರನೇ ಪ್ರಶ್ನೆಯನ್ನು ಎಷ್ಟೋ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲ್ಲ. ಇದು ಅಲ್ಲದಿದ್ದರೆ ಅದೇ ಇರಬೇಕು ಅಂತ ಅವರು ಊಹೆ ಮಾಡುತ್ತಾರೆ. ಒಂದು ಚೌಕ ಬರೆದು ನಾಲ್ಕು ಬದಿಗೆ ನಾಲ್ಕು ಕೆಪಾಸಿಟರ್ ಇಡಿ, ಎದುರುಬದುರು ಮೂಲೆಗಳಿಗೆ ಬ್ಯಾಟರಿ ಕೊಡಿ, ಉಳಿದೆರಡು ಮೂಲೆಗಳ ನಡುವೆ ಐದನೇ ಕೆಪಾಸಿಟರ್ ಹಾಕಿ. ಈ ಐದರಲ್ಲಿ ಯಾವ ಎರಡನ್ನು ತಗೊಂಡರೂ ಸರಣಿಯಲ್ಲ, ಸಮಾಂತರವಲ್ಲ. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಕಲಿಯುತ್ತೀರಿ. ಈಗ ಗೊತ್ತಾಗಬೇಕಾದ್ದು, "ಎರಡೂ ಅಲ್ಲ" ಅನ್ನೋದೂ ಸರಿಯಾದ ಉತ್ತರವೇ.

ಇನ್ನೊಂದು ಎಚ್ಚರಿಕೆ. 2 ಮತ್ತು 4 ಸಮಾಂತರವಾಗಿದ್ದು, ಆ ಜೋಡಿಯ ಮುಂದೆ 3 ಇದೆ ಅಂದುಕೊಳ್ಳಿ. 3 ಮತ್ತು 2 ಸರಣಿಯಾ? ಅಲ್ಲ, ನಡುವಿನ ಗಂಟಿನಲ್ಲಿ 4 ಕೂಡ ನಿಂತಿದೆ. ಮೊದಲು 2 ಮತ್ತು 4 ಸೇರಿಸಿ 6 ಮಾಡಿ, ಚಿತ್ರ ಹೊಸದಾಗಿ ಬರೆಯಿರಿ. ಈಗ ಆ ಗಂಟಿನಲ್ಲಿ ಇಬ್ಬರೇ ಇದ್ದಾರೆ. ಈಗ 6 ಮತ್ತು 3 ಸರಣಿ, ಒಟ್ಟು 2. ಪ್ರತಿ ಹೆಜ್ಜೆಗೂ ಚಿತ್ರ ಬದಲಾಯಿಸಿ, ಪ್ರಶ್ನೆ ಮತ್ತೆ ಕೇಳಬೇಕು.

ಮೂರನೆಯವರಿಗೆ ಯಾಕೆ ಜಾಗ ಇಲ್ಲ

ನಿಯಮ ಹೇಳಿದರೆ ಸಾಲದು, ಕಾರಣ ಹೇಳಬೇಕು. ಕೆಪಾಸಿಟರ್ ಅಂದರೆ ಎರಡು ಲೋಹದ ತಗಡು, ನಡುವೆ ವಿದ್ಯುತ್ ಹರಿಯದ ಒಂದು ಪದರ. ಆವೇಶ, ಅಂದರೆ ಚಾರ್ಜ್, ಆ ಪದರವನ್ನು ದಾಟಲ್ಲ. ಸರಣಿಯಲ್ಲಿರುವ ಎರಡು ಕೆಪಾಸಿಟರ್‌ಗಳ ನಡುವಿನ ತುಂಡು ನೋಡಿ: ಮೊದಲನೆಯದರ ಬಲ ತಗಡು, ತಂತಿ, ಎರಡನೆಯದರ ಎಡ ತಗಡು. ಇದು ನೀರಿನ ನಡುವಿನ ದ್ವೀಪದ ಹಾಗೆ. ಹೊರಗಿನಿಂದ ಚಾರ್ಜ್ ಬರೋ ಹಾಗಿಲ್ಲ, ಒಳಗಿಂದ ಹೋಗೋ ಹಾಗಿಲ್ಲ. ಶುರುವಿನಲ್ಲಿ ದ್ವೀಪದ ಒಟ್ಟು ಚಾರ್ಜ್ ಸೊನ್ನೆ ಇದ್ದರೆ ಕೊನೆಗೂ ಸೊನ್ನೆಯೇ. ಹಾಗಾಗಿ ಒಂದು ತಗಡಿನಲ್ಲಿ ಎಷ್ಟು ಮೈನಸ್ ಸೇರುತ್ತೋ ಇನ್ನೊಂದರಲ್ಲಿ ಅಷ್ಟೇ ಪ್ಲಸ್ ಉಳಿಯಬೇಕು. ಇದರಿಂದಲೇ ಸರಣಿಯಲ್ಲಿ ಎಲ್ಲಕ್ಕೂ ಸಮನಾದ ಚಾರ್ಜ್. ದ್ವೀಪಕ್ಕೆ ಮೂರನೆಯವರು ಸೇತುವೆ ಕಟ್ಟಿದರೆ ಚಾರ್ಜ್ ಆ ಕಡೆಗೂ ಹಂಚಿಹೋಗುತ್ತೆ, ಲೆಕ್ಕ ಕೆಡುತ್ತೆ.

9 ವೋಲ್ಟ್ ಬ್ಯಾಟರಿಗೆ 6 ಮತ್ತು 3 ಸರಣಿಯಲ್ಲಿ ಹಾಕಿ. ಒಟ್ಟು 2, ಹಾಗಾಗಿ ಎರಡರಲ್ಲೂ 18 ಮೈಕ್ರೋಕೂಲಂಬ್ ಚಾರ್ಜ್. ದೊಡ್ಡದಕ್ಕೆ 3 ವೋಲ್ಟ್, ಚಿಕ್ಕದಕ್ಕೆ 6 ವೋಲ್ಟ್. ಕೂಡಿದರೆ 9, ಲೆಕ್ಕ ಸರಿಹೋಯಿತು.

ಸಮಾಂತರಕ್ಕೆ ಊರಿನ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಎರಡು ಟ್ಯಾಂಕ್‌ಗಳನ್ನು ಬುಡದಲ್ಲಿ ಪೈಪಿನಿಂದ ಸೇರಿಸಿದರೆ ನೀರಿನ ಮಟ್ಟ ಎರಡರಲ್ಲೂ ಒಂದೇ. ಹಿಡಿಯುವ ನೀರು ಮಾತ್ರ ಎರಡರದ್ದೂ ಸೇರಿ. ಮಟ್ಟ ಅಂದರೆ ವೋಲ್ಟೇಜ್, ನೀರು ಅಂದರೆ ಚಾರ್ಜ್. ಅದಕ್ಕೇ ಸಮಾಂತರದಲ್ಲಿ ಕೆಪಾಸಿಟರ್‌ಗಳು ನೇರವಾಗಿ ಕೂಡಿಕೊಳ್ಳುತ್ತವೆ. ರೆಸಿಸ್ಟರ್‌ಗಳಿಗೆ ಸೂತ್ರ ಅದಲುಬದಲು. ಆದರೆ ಗುರುತಿಸುವ ಮೂರು ಪ್ರಶ್ನೆಗಳು ಎರಡಕ್ಕೂ ಅವೇ.

ಫ್ಯಾನಿನಿಂದ ಫೋರ್ಡ್‌ವರೆಗೆ

ಇದೆಲ್ಲಾ ಪರೀಕ್ಷೆಗಷ್ಟೇ ಅಂದುಕೊಳ್ಳಬೇಡಿ. ಊರಲ್ಲಿ ಗೋಡೆ ಮೇಲಿರುವ ಫ್ಯಾನ್ ರೆಗ್ಯುಲೇಟರ್ ಅನೇಕ ಮನೆಗಳಲ್ಲಿ ಕೆಪಾಸಿಟರ್ ಮಾದರಿಯದು. ಒಳಗೆ ಎರಡು ಮೂರು ಕೆಪಾಸಿಟರ್ ಇರುತ್ತವೆ. ಗುಂಡಿ ತಿರುಗಿಸಿದಾಗ ಒಂದು ಸ್ಥಾನದಲ್ಲಿ ಒಂದೇ ಕೆಪಾಸಿಟರ್, ಇನ್ನೊಂದರಲ್ಲಿ ಎರಡು ಸಮಾಂತರವಾಗಿ ಸೇರಿ, ಫ್ಯಾನಿನ ಜೊತೆ ಸರಣಿಯಲ್ಲಿ ನಿಲ್ಲುತ್ತವೆ. ಸರಣಿ, ಸಮಾಂತರ ಎರಡೂ ಒಂದೇ ಗುಂಡಿಯ ಹಿಂದೆ! ಹೊಲದ ಪಂಪ್‌ಸೆಟ್ಟಿಗೆ ಕೆಪಾಸಿಟರ್ ಹಾಕಿಸಿ ಅಂತ ಕರ್ನಾಟಕದ ವಿದ್ಯುತ್ ಕಂಪನಿಗಳು ರೈತರಿಗೆ ಹೇಳುತ್ತವಲ್ಲ, ಅದು ಮೋಟರಿಗೆ ಸಮಾಂತರವಾಗಿ ಹಾಕುವಂಥದ್ದು. ಅದರಿಂದ ಲೈನಿನಲ್ಲಿ ಹರಿಯುವ ಕರೆಂಟ್ ಕಡಿಮೆಯಾಗುತ್ತೆ.

ಇಲ್ಲೇ ಪಕ್ಕದ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ನಾವೆಲ್ಲಾ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೇವೆ. 1908ರಲ್ಲಿ ಬಂದ ಮಾಡೆಲ್ ಟಿ ಕಾರಿನ ಎಂಜಿನ್‌ಗೆ ಕಿಡಿ ಕೊಡಲು ಮರದ ಪುಟ್ಟ ಪೆಟ್ಟಿಗೆಯಂಥ ಕಾಯಿಲ್‌ಗಳಿದ್ದವು. ಒಂದೊಂದರೊಳಗೂ ಒಂದು ಕಂಡೆನ್ಸರ್, ಪಟಪಟ ತೆರೆದು ಮುಚ್ಚುವ ಲೋಹದ ತುದಿಗಳಿಗೆ ಸಮಾಂತರವಾಗಿ. ಅದಿಲ್ಲದಿದ್ದರೆ ಆ ತುದಿಗಳು ಕಿಡಿಯಲ್ಲಿ ಬೇಗ ಸುಟ್ಟುಹೋಗುತ್ತಿದ್ದವು. ಮುಂದಿನ ಸಲ ಹೋದಾಗ ಆ ಪೆಟ್ಟಿಗೆ ಎಲ್ಲಿ ಅಂತ ಕೇಳಿ ನೋಡಿ.

ಎಲ್ಲಕ್ಕಿಂತ ನನಗೆ ಇಷ್ಟವಾದ ಉದಾಹರಣೆ ಬೆಂಜಮಿನ್ ಫ್ರ್ಯಾಂಕ್ಲಿನ್ ಅವರದ್ದು. 1749ರ ಒಂದು ಪತ್ರದಲ್ಲಿ ಅವರು 11 ಗಾಜಿನ ಹಲಗೆಗಳ ಎರಡೂ ಕಡೆ ಸೀಸದ ತಗಡು ಅಂಟಿಸಿ ಮಾಡಿದ ಸಾಧನವನ್ನು ವಿವರಿಸುತ್ತಾರೆ. ಚಾರ್ಜ್ ಮಾಡುವಾಗ ಒಂದರ ಹಿಂಬದಿಯನ್ನು ಮುಂದಿನದರ ಮುಂಬದಿಗೆ ಸೇರಿಸಿದರು: ಸರಣಿ. ಖಾಲಿ ಮಾಡುವಾಗ ಎಲ್ಲಾ ಮುಂಬದಿಗಳನ್ನು ಒಂದು ಉದ್ದ ತಂತಿಗೆ, ಹಿಂಬದಿಗಳನ್ನು ಇನ್ನೊಂದಕ್ಕೆ: ಸಮಾಂತರ. ಗಾಜು ಅದೇ, ತಗಡು ಅದೇ; ಯಾರ ತುದಿ ಯಾರಿಗೆ ಅನ್ನೋದಷ್ಟೇ ಬದಲಾಯಿತು. 1924ರಲ್ಲಿ ಎರ್ವಿನ್ ಮಾರ್ಕ್ಸ್ ಅನ್ನೋ ಜರ್ಮನ್ ಎಂಜಿನಿಯರ್ ಇದನ್ನೇ ತಿರುಗಿಸಿದರು: ಸಮಾಂತರವಾಗಿ ತುಂಬಿಸಿ, ಸರಣಿಯಾಗಿ ಖಾಲಿ ಮಾಡಿದರೆ ವೋಲ್ಟೇಜ್‌ಗಳು ಕೂಡಿ ಸಿಡಿಲಿನಂಥ ಹೊಡೆತ ಸಿಗುತ್ತೆ. ವಿದ್ಯುತ್ ಉಪಕರಣಗಳು ಸಿಡಿಲು ತಡೆಯುತ್ತವೆಯೇ ಅಂತ ಪರೀಕ್ಷಿಸಲು ಇವತ್ತಿಗೂ ಇದೇ ಉಪಾಯ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಕ್ಕಳೇ, ಫ್ಯಾನ್, ಏಸಿ, ಮೈಕ್ರೋವೇವ್, ಕ್ಯಾಮೆರಾ ಫ್ಲ್ಯಾಶ್ ಯಾವುದನ್ನೂ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತೆ. ಮೈಕ್ರೋವೇವ್ ಒಳಗಿನದು ಜೀವಕ್ಕೇ ಅಪಾಯ. ಪ್ರಯೋಗ ಬೇಕಿದ್ದರೆ ದೊಡ್ಡವರ ಜೊತೆ, ಬ್ರೆಡ್‌ಬೋರ್ಡ್ ಮೇಲೆ, ಪುಟ್ಟ ಕೆಪಾಸಿಟರ್, ಚಿಕ್ಕ ಬ್ಯಾಟರಿ, ಮಲ್ಟಿಮೀಟರ್ ಇಟ್ಟುಕೊಂಡು ಮಾಡಿ.

ಇದನ್ನು ಕನ್ನಡದಲ್ಲಿ ಯಾಕೆ ಹೇಳಬೇಕು

ಈಗ ಅಪ್ಪ-ಅಮ್ಮಂದಿರ ಹತ್ತಿರ ಎರಡು ಮಾತು. ಮಗು ಚಿಕ್ಕದಿದ್ದಾಗ ಮನೆಯಲ್ಲಿ ಕನ್ನಡ ಧಾರಾಳವಾಗಿರುತ್ತೆ. ಮಿಡ್ಲ್ ಸ್ಕೂಲ್ ಬಂತು, ಹೋಮ್‌ವರ್ಕ್ ಗಟ್ಟಿಯಾಯಿತು, ನಾವೂ ಇಂಗ್ಲಿಷ್‌ಗೆ ಜಾರಿಬಿಡುತ್ತೇವೆ. ಕನ್ನಡಕ್ಕೆ ಉಳಿಯೋದು "ಊಟಕ್ಕೆ ಬಾ", "ಶೂ ಹಾಕ್ಕೋ", "ಲೇಟಾಯ್ತು, ಏಳು". ಅಪ್ಪಣೆ ಮಾಡೋಕೆ ಕನ್ನಡ, ಯೋಚನೆ ಮಾಡೋಕೆ ಇಂಗ್ಲಿಷ್ ಅಂತ ಮಗು ತೀರ್ಮಾನ ಮಾಡಿದರೆ ಅದರ ತಪ್ಪೇನೂ ಇಲ್ಲ. ವಾರಕ್ಕೆ ಒಂದು ದಿನದ ನಮ್ಮ ತರಗತಿ ಆ ತೀರ್ಮಾನವನ್ನು ಬದಲಾಯಿಸಲಾರದು. ಮನೆಯ ಊಟದ ಮೇಜು ಬದಲಾಯಿಸಬಲ್ಲದು.

"ಕನ್ನಡದ ಪದ ಕಷ್ಟ ಕಣ್ರೀ, ಧಾರಕ, ವಿಭವಾಂತರ ನಮಗೇ ನೆನಪಿಲ್ಲ, ಪರೀಕ್ಷೆಯೂ ಇಂಗ್ಲಿಷ್‌ನಲ್ಲಿ" ಅಂತ ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ, ಪದ ಕೆಪಾಸಿಟರ್ ಅಂತಲೇ ಇರಲಿ. ವಾಕ್ಯ ಕನ್ನಡದ್ದಾಗಿರಲಿ. "ಈ ಕೆಪಾಸಿಟರ್ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಹೇಳು, ಪುಟ್ಟಿ" ಅನ್ನೋದು ಪಕ್ಕಾ ಕನ್ನಡ. ಅದರಲ್ಲಿ ಪಾಠದ ತಿರುಳೂ ಇದೆ. ನಮ್ಮ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ಕಲಿಸುವಾಗ ಮಕ್ಕಳು "ಇದೆಲ್ಲಾ ಯಾಕೆ" ಅಂತ ಮುಖ ಮಾಡುತ್ತಾರೆ. ಇಂದ, ಗೆ ಎರಡು ಪ್ರತ್ಯಯ ಸಾಕು, ಇಡೀ ಸರ್ಕಿಟ್ ಹೇಳಿಬಿಡಬಹುದು: ಇದು ಅ ಇಂದ ಬ ಗೆ, ಅದು ಬ ಇಂದ ಕ ಗೆ.

ಸಾಫ್ಟ್‌ವೇರ್ ಮಂದಿಗೆ ಇದರಲ್ಲಿ ಹೊಸದೇನಿಲ್ಲ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್ ಅನ್ನೋ ಪ್ರೋಗ್ರಾಂ ಸರ್ಕಿಟ್‌ಗಳನ್ನು ಲೆಕ್ಕ ಹಾಕುತ್ತೆ. ಅದಕ್ಕೆ ಚಿತ್ರ ಬೇಕೇ ಇಲ್ಲ. ಒಂದು ಸಾಲಿಗೆ ಒಂದು ವಸ್ತು: ಅದರ ಹೆಸರು, ಎಲ್ಲಿಂದ, ಎಲ್ಲಿಗೆ, ಎಷ್ಟು. ಅಷ್ಟೇ. ಹಾಗಾದರೆ ಕಂಪ್ಯೂಟರೇ ಮಾಡುತ್ತಲ್ಲ, ಮಕ್ಕಳು ಯಾಕೆ ಕಲಿಯಬೇಕು ಅನ್ನೋರಿಗೆ ನನ್ನ ಉತ್ತರ ಇಷ್ಟು: ಯಾವುದು ಎಲ್ಲಿಂದ ಎಲ್ಲಿಗೆ ಅಂತ ಬರೆದುಕೊಡಬೇಕಾದವರು ನಾವು. ಅದು ತಪ್ಪಿದರೆ ಕಂಪ್ಯೂಟರ್ ಬಹಳ ಬೇಗ, ಬಹಳ ಅಂದವಾಗಿ ತಪ್ಪು ಉತ್ತರ ಕೊಡುತ್ತೆ.

"ನಾನು ಎಂಜಿನಿಯರ್ ಅಲ್ಲ, ನನಗೆ ಹೇಗೆ ಬರುತ್ತೆ" ಅನ್ನೋ ಅಮ್ಮಂದಿರೂ, ಅಜ್ಜಂದಿರೂ ಇದ್ದಾರೆ. ನೀವು ಸೂತ್ರ ಹೇಳೋದು ಬೇಡ, ಪ್ರಶ್ನೆ ಕೇಳಿ ಸಾಕು. ಮಲ್ಲಿಗೆ ಸರವನ್ನು ಕವರಿನಲ್ಲಿ ಮುದುರಿ ಇಟ್ಟರೂ ಅದು ಸರವೇ, ಅಲ್ವಾ? ಹಗ್ಗದ ಏಣಿಯನ್ನು ಸುತ್ತಿ ಮೂಲೆಗೆ ಎಸೆದರೂ ಪ್ರತಿ ಮೆಟ್ಟಿಲೂ ಅವೇ ಎರಡು ಹಗ್ಗಗಳ ನಡುವೆಯೇ ಇರುತ್ತೆ. ಸರದ ಹೂವು ಸರಣಿ, ಏಣಿಯ ಮೆಟ್ಟಿಲು ಸಮಾಂತರ. ಹೂ ಕಟ್ಟೋಕೆ ಬರುವ ಅಜ್ಜಿ ಇದನ್ನು ಯಾವ ಎಂಜಿನಿಯರ್‌ಗಿಂತಲೂ ಚೆನ್ನಾಗಿ ತೋರಿಸಬಲ್ಲರು.

ಕನ್ನಡದಲ್ಲಿ ವಿಜ್ಞಾನ ಬರೆಯೋದು ಹೊಸ ಸಾಹಸವೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಅವರು ಕಟ್ಟಿದ ದಾರಿಯಲ್ಲಿ ನಾವು ಒಂದು ಹೋಮ್‌ವರ್ಕ್‌ನಷ್ಟು ದೂರ ನಡೆದರೂ ಸಾಕು.

ಆದ್ದರಿಂದ ಶಾಲೆಗೆ ನನ್ನ ಸಲಹೆ: ದೊಡ್ಡ ಮಕ್ಕಳಿಗೆ ತಿಂಗಳಿಗೆ ಒಂದು ಗಂಟೆ ಮೀಸಲಿಡೋಣ. ಮಕ್ಕಳು ತಮ್ಮ ಶಾಲೆಯ ಗಣಿತ, ವಿಜ್ಞಾನದ ಯಾವುದಾದರೂ ಒಂದು ಲೆಕ್ಕ ತರಲಿ, ಬೋರ್ಡಿನ ಮುಂದೆ ನಿಂತು ಕನ್ನಡದಲ್ಲಿ ವಿವರಿಸಲಿ. ಇಂಗ್ಲಿಷ್ ಪದ ಬಂದರೆ ಬರಲಿ, ಯಾರೂ ನಗೋದು ಬೇಡ, ತಿದ್ದೋದೂ ಬೇಡ. ಆ ಗಂಟೆ ನಡೆಸೋಕೆ ನಾನು ತಯಾರಿದ್ದೀನಿ. ಇನ್ನಿಬ್ಬರು ಪೋಷಕರು ಕೈ ಜೋಡಿಸಿದರೆ ಮುಂದಿನ ಸೆಮಿಸ್ಟರ್‌ನಿಂದಲೇ ಶುರುಮಾಡಬಹುದು.

ಮೊದಲ ಗಂಟೆಗೆ ಒಂದು ಲೆಕ್ಕ ಇಲ್ಲೇ ಕೊಡ್ತೀನಿ. ಒಂದು ಚೌಕ, ಮೂಲೆಗಳು ಸುತ್ತಲೂ ಅನುಕ್ರಮವಾಗಿ ಅ, ಕ, ಬ, ಡ. ನಾಲ್ಕೂ ಬದಿಯಲ್ಲಿ 2 ಮೈಕ್ರೋಫ್ಯಾರಡ್ ಕೆಪಾಸಿಟರ್. ಬ್ಯಾಟರಿಯನ್ನು ಎದುರುಬದುರು ಮೂಲೆ ಅ ಮತ್ತು ಬ ಗೆ ಕೊಟ್ಟರೆ ಒಟ್ಟು 2 ಬರುತ್ತೆ, ಮಾಡಿ ನೋಡಿ. ಅದೇ ಬ್ಯಾಟರಿಯನ್ನು ಪಕ್ಕಪಕ್ಕದ ಮೂಲೆ ಅ ಮತ್ತು ಕ ಗೆ ಕೊಟ್ಟರೆ 2 ಬರಲ್ಲ. ಎಷ್ಟು ಬರುತ್ತೆ, ಯಾಕೆ ಬದಲಾಯಿತು? ಕ್ರೆಯಾನ್ ಹಿಡಿದು ಕೂತ್ಕೊಳ್ಳಿ. ಉತ್ತರ ಸಿಕ್ಕ ಮೇಲೆ ಮೊದಲು ಮನೆಯಲ್ಲಿ ಒಬ್ಬರಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ತರಗತಿಗೆ ಬನ್ನಿ.

ಪೋಷಕ ಸ್ವಯಂಸೇವಕ, ಆನ್ ಆರ್ಬರ್